ಅಮೆರಿಕದ ಖಾತೆಯಿಂದ ಭಾರತದ ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವುದು ಹೇಗೆ?

ಉದ್ಯೋಗಕ್ಕೆಂದು ಅಮೆರಿಕಕ್ಕೆ ಹೋದವರಲ್ಲಿ ಅನೇಕರು ಭಾರತದ ಬ್ಯಾಂಕು ಕೊಟ್ಟ ಕ್ರೆಡಿಟ್ ಕಾರ್ಡನ್ನು ರದ್ದು ಮಾಡದೆ ಇಟ್ಟುಕೊಂಡಿರುತ್ತಾರೆ. ಊರಿನಲ್ಲಿರುವ ಅಪ್ಪ-ಅಮ್ಮನ ಔಷಧಿ, ಮನೆಯ ಬೆಸ್ಕಾಂ ಬಿಲ್ಲು, ರಜೆಗೆ ಬಂದಾಗಿನ ಕೆಎಸ್‌ಆರ್‌ಟಿಸಿ ಟಿಕೆಟ್ಟು ಎಲ್ಲವೂ ಅದರ ಮೇಲೆಯೇ ನಡೆಯುತ್ತವೆ. ತಾಯಿಯ ಕೈಯಲ್ಲಿ ಅದೇ ಖಾತೆಯ ಆ್ಯಡ್-ಆನ್ ಕಾರ್ಡ್ ಇರುವುದೂ ಉಂಟು. ಆದರೆ ಖರ್ಚು ರೂಪಾಯಿಯಲ್ಲಿ, ಸಂಬಳ ಡಾಲರಿನಲ್ಲಿ. ಅಮೆರಿಕದ ಬ್ಯಾಂಕಿನ ಆ್ಯಪ್ ತೆರೆದು 'ಬಿಲ್ ಪೇ' ವಿಭಾಗದಲ್ಲಿ ಭಾರತದ ಕಾರ್ಡಿನ ಸಂಖ್ಯೆ ತುಂಬಲು ಹೊರಟವರಿಗೆ ಆ ದಾರಿ ಮುಚ್ಚಿರುವುದು ಬೇಗನೆ ಗೊತ್ತಾಗುತ್ತದೆ.

ಕಾರಣ ಸರಳ. ಅಲ್ಲಿನ ಬಿಲ್ ಪೇ ಸೌಲಭ್ಯ ನಡೆಯುವುದು ಅಮೆರಿಕದ ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎಸಿಎಚ್ ಎಂಬ ಜಾಲದ ಮೂಲಕ, ಇಲ್ಲವೇ ಕಾಗದದ ಚೆಕ್ಕಿನ ಮೂಲಕ. ಎಸಿಎಚ್‌ಗೆ ಬೇಕಾಗಿರುವುದು ಅಮೆರಿಕದ ಬ್ಯಾಂಕುಗಳಿಗಿರುವ 9 ಅಂಕಿಗಳ ರೂಟಿಂಗ್ ನಂಬರ್. ಭಾರತದ ಬ್ಯಾಂಕು ಶಾಖೆಗಳಿಗಿರುವುದು 11 ಅಕ್ಷರ-ಅಂಕಿಗಳ ಐಎಫ್‌ಎಸ್‌ಸಿ ಕೋಡ್. ಡಾಲರ್ ಚೆಕ್ಕನ್ನು ಭಾರತಕ್ಕೆ ಅಂಚೆಯಲ್ಲಿ ಕಳುಹಿಸುವ ಯೋಚನೆಯನ್ನಂತೂ ಬಿಟ್ಟೇಬಿಡಬೇಕು; ಅದು ನಗದಾಗುವ ಹೊತ್ತಿಗೆ ಕೊನೆಯ ದಿನಾಂಕ ಎಂದೋ ಕಳೆದಿರುತ್ತದೆ. ಹೀಗಾಗಿ ಕೆಲಸ ಎರಡು ಹಂತಗಳಲ್ಲಿ ಆಗಬೇಕು: ಮೊದಲು ಡಾಲರ್ ರೂಪಾಯಿಯಾಗಿ ಭಾರತದಲ್ಲಿರುವ ನಿಮ್ಮದೇ ಖಾತೆಗೆ ಬರಬೇಕು, ಆಮೇಲೆ ಅಲ್ಲಿಂದ ಕಾರ್ಡಿಗೆ ಹೋಗಬೇಕು. ಈ ಎರಡನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸಲು ಹೊರಡುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಬಿಲ್ ಕೈಗೆ ಬಂದ ಮೇಲೆ ಡಾಲರ್ ಕಳುಹಿಸುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಮೊದಲು ಖಾತೆ ಸರಿಯಿರಲಿ

ವಿದೇಶದಲ್ಲಿ ನೆಲೆಸಿದ ಮೇಲೂ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ ನಿಯಮಗಳಲ್ಲಿ ಅವಕಾಶವಿಲ್ಲ. ಅದನ್ನು ಎನ್‌ಆರ್‌ಒ ಖಾತೆಯಾಗಿ, ಅಂದರೆ ಅನಿವಾಸಿಗಳು ಭಾರತದಲ್ಲಿನ ಆದಾಯಕ್ಕೆಂದು ಇಟ್ಟುಕೊಳ್ಳುವ ರೂಪಾಯಿ ಖಾತೆಯಾಗಿ ಬದಲಿಸಬೇಕು. ಡಾಲರ್ ತರಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದದ್ದು ಅನಿವಾಸಿಗಳು ವಿದೇಶದ ಗಳಿಕೆಯನ್ನು ರೂಪಾಯಿಯಲ್ಲಿ ಇಡುವ ಎನ್‌ಆರ್‌ಇ ಖಾತೆ. ಅದರಲ್ಲಿರುವ ಹಣವನ್ನು ಯಾವಾಗ ಬೇಕಾದರೂ ಅಮೆರಿಕಕ್ಕೆ ಮರಳಿ ಒಯ್ಯಬಹುದು, ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಊರಿನ ಬಿಲ್ಲುಗಳನ್ನು ಅದರಿಂದ ಕಟ್ಟಲು ಅಡ್ಡಿಯೂ ಇಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿಯೇ ಈ ಖಾತೆ ತೆರೆಯುವುದು ಎಲ್ಲಕ್ಕಿಂತ ಜಾಣತನ, ಏಕೆಂದರೆ ಆಗ ಎರಡನೆಯ ಹಂತವೆಂಬುದು ಹೆಚ್ಚುಕಡಿಮೆ ತಾನಾಗಿಯೇ ನಡೆಯುತ್ತದೆ. ನೀವೀಗ ಅನಿವಾಸಿ ಎಂಬುದನ್ನೂ ಹೊಸ ವಿಳಾಸವನ್ನೂ ಕಾರ್ಡ್ ವಿಭಾಗಕ್ಕೆ ಇದೇ ವೇಳೆ ತಿಳಿಸಿಬಿಡಿ. ಒಟಿಪಿ ಬರುವ ಭಾರತದ ಸಿಮ್ಮನ್ನು ರೀಚಾರ್ಜ್ ಮಾಡಿಸಿ, ರೋಮಿಂಗ್‌ನಲ್ಲಿ ಸಂದೇಶ ಬರುವಂತೆ ಇಟ್ಟುಕೊಳ್ಳಿ.

ಡಾಲರ್ ಕಳುಹಿಸುವ ಹಂತ

ಇದಕ್ಕೆ ಎರಡು ದಾರಿಗಳಿವೆ. ಒಂದು, ಅಮೆರಿಕದ ಬ್ಯಾಂಕಿನಿಂದಲೇ ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಜಾಲದ ಮೂಲಕ ವೈರ್, ಅಂದರೆ ನೇರ ವರ್ಗಾವಣೆ. ಇನ್ನೊಂದು, ವೈಸ್, ರೆಮಿಟ್ಲಿ, ಜೂಮ್‌ನಂಥ ಹಣ ರವಾನೆ ಕಂಪನಿಗಳು. ಇವು ನಿಮ್ಮ ಖಾತೆಯಿಂದ ಎಸಿಎಚ್ ಮೂಲಕ ಡಾಲರ್ ಪಡೆದು ಭಾರತದಲ್ಲಿ ರೂಪಾಯಿ ಜಮಾ ಮಾಡುತ್ತವೆ. ಡಾಲರಿನಲ್ಲಿ ವೈರ್ ಕಳುಹಿಸಲು ದೊಡ್ಡ ಬ್ಯಾಂಕುಗಳು ಸಾಮಾನ್ಯವಾಗಿ 40ರಿಂದ 50 ಡಾಲರ್ ಶುಲ್ಕ ವಿಧಿಸುತ್ತವೆ. 500 ಡಾಲರ್ ಕಳುಹಿಸುವವರಿಗೆ 45 ಡಾಲರ್ ಶುಲ್ಕವೆಂದರೆ ಶೇ 9ರಷ್ಟಾಯಿತು. 3,000 ಡಾಲರಿಗೆ ಅದೇ ಶುಲ್ಕ ಶೇ 1.5 ಮಾತ್ರ.

'ಶುಲ್ಕವೇ ಇಲ್ಲ' ಎಂಬ ಜಾಹೀರಾತನ್ನು ನಂಬಿ ಕೂರುವಂತಿಲ್ಲ. ರವಾನೆ ಕಂಪನಿಯ ಲಾಭ ವಿನಿಮಯ ದರದಲ್ಲಿ ಅಡಗಿರುತ್ತದೆ. ಲೆಕ್ಕದ ಅನುಕೂಲಕ್ಕೆ ಮಾರುಕಟ್ಟೆ ದರ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಕಂಪನಿ ನಿಮಗೆ 83.30 ಕೊಟ್ಟರೆ 500 ಡಾಲರಿಗೆ ಸಿಗುವುದು 42,500 ಅಲ್ಲ, 41,650 ರೂಪಾಯಿ. ಹೋದ 850 ರೂಪಾಯಿ ಎಂದರೆ ಸರಿಯಾಗಿ 10 ಡಾಲರ್. ಆದ್ದರಿಂದ ಶುಲ್ಕವನ್ನಾಗಲಿ ದರವನ್ನಾಗಲಿ ಬಿಡಿಬಿಡಿಯಾಗಿ ನೋಡದೆ, ಇಷ್ಟು ಡಾಲರ್ ಕೊಟ್ಟರೆ ಕೊನೆಗೆ ಎಷ್ಟು ರೂಪಾಯಿ ಜಮಾ ಆಗುತ್ತದೆ ಎಂಬ ಒಂದೇ ಸಂಖ್ಯೆಯನ್ನು ಹೋಲಿಸಿ ನೋಡಬೇಕು. ಆ ಸಂಖ್ಯೆಯನ್ನು ಹಣ ಪಡೆಯುವ ಮೊದಲೇ ತೋರಿಸಬೇಕೆಂಬುದು ಅಮೆರಿಕದ ರವಾನೆ ನಿಯಮದಲ್ಲಿದೆ. ಹಣ ಇನ್ನೂ ಜಮಾ ಆಗಿರದಿದ್ದರೆ, ಪಾವತಿಸಿದ 30 ನಿಮಿಷಗಳೊಳಗೆ ರದ್ದು ಮಾಡುವ ಹಕ್ಕೂ ಇದೆ.

ಅಮೆರಿಕ ಹೊಸದಾಗಿ ತಂದಿರುವ ಶೇ 1ರ ರವಾನೆ ತೆರಿಗೆಯ ಬಗ್ಗೆ ಹಲವರಿಗೆ ಆತಂಕವಿದೆ. 2026ರ ಜನವರಿ 1ರಿಂದ ಅನ್ವಯವಾಗುವ ಈ ತೆರಿಗೆ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಮುಂತಾದವುಗಳ ಮೂಲಕ ಕಳುಹಿಸಿದ ಹಣಕ್ಕೆ ಮಾತ್ರ. ಅಲ್ಲಿನ ಬ್ಯಾಂಕು ಖಾತೆಯಿಂದ ಹೋಗುವ ಹಣಕ್ಕೆ ಇಲ್ಲ.

ಹೆಸರಿನ ವಿಚಾರದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಭಾರತದ ಖಾತೆಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಇನಿಷಿಯಲ್ ಮಾತ್ರ ಇದ್ದು, ಅಮೆರಿಕದ ಖಾತೆಯಲ್ಲಿ ತಂದೆಯ ಪೂರ್ಣ ಹೆಸರೇ ಸರ್‌ನೇಮ್ ಆಗಿಬಿಟ್ಟಿರುವುದು ಸಾಮಾನ್ಯ. ಫಲಾನುಭವಿಯ, ಅಂದರೆ ಹಣ ಪಡೆಯುವವರ ಹೆಸರನ್ನು ಎನ್‌ಆರ್‌ಇ ಪಾಸ್‌ಬುಕ್‌ನಲ್ಲಿ ಇರುವಂತೆಯೇ ಬರೆಯಿರಿ. ಎರಡು ಹೆಸರುಗಳೂ ಒಬ್ಬರದೇ ಎಂದು ತೋರಿಸಲು ಪಾಸ್‌ಪೋರ್ಟ್ ಪ್ರತಿ ಸಿದ್ಧವಿರಲಿ. ಕಾರಣ ಕೇಳುವ ಕಡೆ ಕುಟುಂಬ ನಿರ್ವಹಣೆ ಮತ್ತು ಉಳಿತಾಯ ಎಂಬುದನ್ನು ಆರಿಸಿದರೆ ಸಾಕು. ಭಾರತದ ಬ್ಯಾಂಕುಗಳು ಇದನ್ನು ಪಿ1301 ಎಂಬ ಕೋಡಿನಲ್ಲಿ ದಾಖಲಿಸುತ್ತವೆ.

ಇನ್ನು ಗಡಿಯಾರದ ಮಾತು. ಕೊನೆಯ ದಿನಾಂಕ ಸೋಮವಾರ ಎನ್ನೋಣ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಶುಕ್ರವಾರ ಸಂಜೆ 6 ಗಂಟೆಗೆ ಭಾರತದಲ್ಲಿ ಶನಿವಾರ ಬೆಳಿಗ್ಗೆ 6.30. ಶನಿವಾರ, ಭಾನುವಾರ ಅಮೆರಿಕದ ಬ್ಯಾಂಕುಗಳ ನಡುವೆ ಎಸಿಎಚ್ ಹಣ ಕದಲುವುದಿಲ್ಲ. ಸೋಮವಾರ ಬೆಳಿಗ್ಗೆ 9ಕ್ಕೆ ಅಲ್ಲಿನ ಕಚೇರಿ ತೆರೆಯುವಾಗ ಭಾರತದಲ್ಲಿ ರಾತ್ರಿ 9.30 ಆಗಿರುತ್ತದೆ, ಕೊನೆಯ ದಿನಾಂಕ ಮುಗಿಯಲು ಎರಡೂವರೆ ತಾಸು ಮಾತ್ರ ಉಳಿದಿರುತ್ತದೆ. ಮೊದಲ ಸಲ ಖಾತೆ ಜೋಡಿಸುವವರಿಗಂತೂ ಗುರುತಿನ ಪರಿಶೀಲನೆಗೆ ಇನ್ನಷ್ಟು ದಿನಗಳು ಹಿಡಿಯಬಹುದು. ತಿಂಗಳ ಬಿಲ್ಲಿನ ಮೂರು ಪಟ್ಟು ಹಣವನ್ನು ಎನ್‌ಆರ್‌ಇ ಖಾತೆಯಲ್ಲಿ ಸದಾ ಇಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಅದನ್ನು ತುಂಬಿಸುವುದು ನನ್ನ ಸಲಹೆ. ಹಾಗೆ ಮಾಡಿದರೆ ಶುಲ್ಕವೂ ಕಡಿಮೆ, ದರ ಬಿದ್ದಿರುವ ವಾರದಲ್ಲಿ ಕಾಯುವ ಸ್ವಾತಂತ್ರ್ಯವೂ ಸಿಗುತ್ತದೆ.

ಕಾರ್ಡಿಗೆ ಕಟ್ಟುವ ಹಂತ

ಕಾರ್ಡೂ ಖಾತೆಯೂ ಒಂದೇ ಬ್ಯಾಂಕಿನವಾದರೆ ಆಟೋ ಡೆಬಿಟ್ ಹಾಕಿಸಿ. ಆಗ 'ಪೂರ್ಣ ಬಾಕಿ' ಎಂಬುದನ್ನೇ ಆರಿಸಬೇಕು. 'ಕನಿಷ್ಠ ಬಾಕಿ' ಎಂದು ಗುರುತು ಮಾಡಿದರೆ ಉಳಿದ ಮೊತ್ತದ ಮೇಲೆ ಬಡ್ಡಿ ಓಡುತ್ತಲೇ ಇರುತ್ತದೆ, ಹೊಸ ಖರೀದಿಗಿದ್ದ ಬಡ್ಡಿರಹಿತ ಅವಧಿಯೂ ಹೋಗುತ್ತದೆ. ಬ್ಯಾಂಕುಗಳು ಬೇರೆಬೇರೆಯಾದರೆ ಭಾರತದ ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ನೆಫ್ಟ್ ಇದೆ. ಫಲಾನುಭವಿಯನ್ನು ಸೇರಿಸುವಾಗ ಖಾತೆ ಸಂಖ್ಯೆಯ ಜಾಗದಲ್ಲಿ ಕಾರ್ಡಿನ ಪೂರ್ಣ ಸಂಖ್ಯೆಯನ್ನು ನಡುವೆ ಜಾಗ ಬಿಡದೆ ಬರೆಯಬೇಕು. ಐಎಫ್‌ಎಸ್‌ಸಿ ಜಾಗದಲ್ಲಿ ನಿಮ್ಮ ಶಾಖೆಯದ್ದಲ್ಲ, ಆ ಬ್ಯಾಂಕು ಕಾರ್ಡ್ ಪಾವತಿಗೆಂದೇ ಸ್ಟೇಟ್‌ಮೆಂಟಿನಲ್ಲಿ ನಮೂದಿಸಿರುವ ಕೋಡ್ ಹಾಕಬೇಕು. ಹೊಸ ಫಲಾನುಭವಿಗೆ ಮೊದಲ ದಿನ ದೊಡ್ಡ ಮೊತ್ತ ಕಳುಹಿಸಲು ಹಲವು ಬ್ಯಾಂಕುಗಳು ಬಿಡುವುದಿಲ್ಲ. 100 ರೂಪಾಯಿ ಕಳುಹಿಸಿ ನೋಡುವುದಕ್ಕೆ ಆ ದಿನ ಒಳ್ಳೆಯದು. ನೆಫ್ಟ್ 2019ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುವುದರಿಂದ ಈ ಹಂತಕ್ಕೆ ರಜೆಯ ಕಾಟವಿಲ್ಲ. ಅಮೆರಿಕದ ಮೊಬೈಲ್ ಸಂಖ್ಯೆಯೊಂದಿಗೆ ಎನ್‌ಆರ್‌ಇ ಖಾತೆಗೆ ಯುಪಿಐ ಜೋಡಿಸಲು 2023ರಲ್ಲಿ ಅನುಮತಿ ಸಿಕ್ಕಿದೆ. ನಿಮ್ಮ ಬ್ಯಾಂಕು ಆ ಸೌಲಭ್ಯ ಕೊಟ್ಟಿದ್ದರೆ ಅದೂ ಆದೀತು.

ಇಷ್ಟಾದರೂ ಒಂದೆರಡು ದಿನ ತಡವಾದರೆ ಗಾಬರಿ ಬೇಡ. ರಿಸರ್ವ್ ಬ್ಯಾಂಕು 2022ರಲ್ಲಿ ತಂದ ನಿಯಮದ ಪ್ರಕಾರ, ಬಾಕಿ ಮೂರು ದಿನಕ್ಕಿಂತ ಹೆಚ್ಚು ಉಳಿದಾಗ ಮಾತ್ರ ವಿಳಂಬ ಶುಲ್ಕ ಹಾಕಲು ಮತ್ತು ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ವರದಿ ಮಾಡಲು ಬರುತ್ತದೆ. ಬಿಲ್ಲಿಂಗ್ ಸೈಕಲ್ಲನ್ನು, ಅಂದರೆ ಪ್ರತಿ ತಿಂಗಳು ಬಿಲ್ ತಯಾರಾಗುವ ದಿನವನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನೂ ಅದೇ ನಿಯಮ ಕೊಟ್ಟಿದೆ. ಹಣ ಹೋಗಿಯೂ ಕಾರ್ಡಿಗೆ ಜಮಾ ಆಗದಿದ್ದರೆ ನೆಫ್ಟ್‌ನ ಯುಟಿಆರ್ ಸಂಖ್ಯೆಯನ್ನು, ಅಂದರೆ ಆ ವರ್ಗಾವಣೆಯ ಗುರುತು ಸಂಖ್ಯೆಯನ್ನು ಮುಂದಿಟ್ಟುಕೊಂಡು ದೂರು ಕೊಡಬೇಕು. ಅದಿಲ್ಲದ ದೂರು ಮುಂದಕ್ಕೆ ಹೋಗುವುದು ಕಷ್ಟ.

ತೆರಿಗೆಯ ದೃಷ್ಟಿಯಿಂದ ಅಮೆರಿಕದ ನಿವಾಸಿಯಾದವರು ಗಮನಿಸಬೇಕಾದದ್ದು ಎರಡಿದೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿರುವ ವಿನಾಯಿತಿ ಅಲ್ಲಿ ನಡೆಯದು, ಅದನ್ನು ಆದಾಯದಲ್ಲಿ ತೋರಿಸಬೇಕು. ವಿದೇಶಗಳಲ್ಲಿರುವ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ಮೀರಿದರೂ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿಯನ್ನು ಮರುವರ್ಷದ ಏಪ್ರಿಲ್ 15ರೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು; ತಪ್ಪಿದವರಿಗೆ ಅಕ್ಟೋಬರ್ 15ರವರೆಗೆ ಕಾಲಾವಕಾಶ ತಾನಾಗಿಯೇ ಸಿಗುತ್ತದೆ.