ಮೂರ್ಛೆ ಹೋಗುವ ಗಿಡದ ಜೊತೆ ಎರಡು ಮಳೆಗಾಲ

ಹಾಸನದಿಂದ ಬರುವಾಗ ದಾರಿಯ ನರ್ಸರಿಯೊಂದರಲ್ಲಿ 120 ರೂಪಾಯಿ ಕೊಟ್ಟು ಫಿಟ್ಟೋನಿಯಾ ಅನ್ನೋ ಗಿಡ ತಂದೆ. ಗೇಣುದ್ದವೂ ಇಲ್ಲ. ಕಡುಹಸಿರು ಎಲೆ, ಅದರ ತುಂಬ ಬಲೆ ಹೆಣೆದ ಹಾಗೆ ಬಿಳಿ ನರಗಳು. ನಮ್ಮತ್ತೆ ಕನ್ನಡಕ ಹಾಕಿಕೊಂಡು ನೋಡಿ, "ರಂಗೋಲಿ ಹಿಟ್ಟಲ್ಲಿ ಗೆರೆ ಎಳೆದಂಗಿದೆ ಕಣೇ" ಎಂದರು.

ಚಿಕ್ಕಮಗಳೂರಿನಲ್ಲಿ ನಮ್ಮದು ಬಾಡಿಗೆ ಮನೆ, ಅಂಗಳ ಇಲ್ಲ. ಬೆಳಕು ಚೆನ್ನಾಗಿದೆ ಅಂತ ಪೂರ್ವದ ಕಿಟಕಿಯಲ್ಲಿ ಇಟ್ಟೆ. ಮಾರ್ಚ್ ತಿಂಗಳು. ಕೆಲವೇ ದಿನಕ್ಕೆ ಎಲೆಯಂಚು ಸುಟ್ಟ ಹಪ್ಪಳದ ಹಾಗಾಯಿತು. ಅತ್ತೆ ಮೂಡಿಗೆರೆ ಕಡೆ ತೋಟದಲ್ಲಿ ಬೆಳೆದವರು. "ಕಾಫಿಗೇ ನೆರಳು ಬೇಕು, ಇಷ್ಟು ತೆಳು ಎಲೆಯ ಗಿಡಾನ ಬಿಸಿಲಿಗೆ ಇಡ್ತಾರೇನೇ?" ಎಂದು ಬೈದರು. ಸರಿಯಾದ ಮಾತೇ. ಇದರ ತವರು ಪೆರು, ಕೊಲಂಬಿಯಾ ಕಡೆಯ ಮಳೆಕಾಡು. ದೊಡ್ಡ ಮರಗಳ ಬುಡದಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಗಿಡ. ಉತ್ತರದ ಕಿಟಕಿ ಹತ್ತಿರ, ಗಾಜಿನಿಂದ ಎರಡಡಿ ಒಳಗೆ ಸರಿಸಿದೆ. ಹೊಸ ಎಲೆ ಚೊಕ್ಕವಾಗಿ ಬಂತು.

ಏಪ್ರಿಲ್‌ನಲ್ಲಿ ನಾಲ್ಕು ದಿನ ಊರಿಗೆ ಹೋಗಿ ಬಂದು ನೋಡಿದರೆ, ಇಡೀ ಗಿಡ ಕುಂಡದ ಅಂಚಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಸತ್ತೇ ಹೋಯಿತು ಅಂದುಕೊಂಡೆ. ಆದರೂ ಕುಂಡವನ್ನು ನೀರಿನ ಪಾತ್ರೆಯಲ್ಲಿ ಇಟ್ಟು, ಬಟ್ಟೆ ಒಗೆಯಲು ಹೋದೆ. ಒಗೆದು, ಒಣಗಿಸಿ, ಕಾಫಿ ಕುಡಿದು ಬರುವಷ್ಟರಲ್ಲಿ ಎದ್ದು ನಿಂತಿದೆ! ಏನೂ ಆಗಿಲ್ಲ ಅನ್ನೋ ಹಾಗೆ. ಅವತ್ತಿಂದ ನಮ್ಮನೆಯಲ್ಲಿ ಇದಕ್ಕೆ ಮೂರ್ಛೆ ಗಿಡ ಅಂತಲೇ ಹೆಸರು.

ಆ ಮೂರ್ಛೆಯೇ ಜುಲೈನಲ್ಲಿ ನನಗೆ ಮೋಸ ಮಾಡಿತು. ವಾರಗಟ್ಟಲೆ ಮಳೆ, ಬಿಸಿಲಿನ ಸುಳಿವಿಲ್ಲ. ಒಂದು ಬೆಳಿಗ್ಗೆ ಗಿಡ ಜೋತು ಬಿದ್ದಿತ್ತು. ಬಾಯಾರಿದೆ ಅಂತ ನೀರು ಹಾಕಿದೆ. ಮರುದಿನ ಇನ್ನೂ ಜೋತಿತು, ಇನ್ನೂ ಹಾಕಿದೆ. ಮೂರನೇ ದಿನ ಬುಡ ಕಪ್ಪಾಗಿತ್ತು. ಕಿತ್ತು ನೋಡಿದೆ. ಬೇರನ್ನು ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ, ಒಳಗಿನ ದಾರ ಮಾತ್ರ ಕೈಯಲ್ಲಿ ಉಳಿಯಿತು. ಕೊಳೆತ ವಾಸನೆ ಬೇರೆ. ಕೆಳಗಿನ ತಟ್ಟೆಯಲ್ಲಿ ಎಷ್ಟು ದಿನದಿಂದ ನೀರು ನಿಂತಿತ್ತೋ! ಬೇರು ಕೊಳೆತ ಗಿಡಕ್ಕೆ ನೀರು ಹೀರಲು ಆಗೋದಿಲ್ಲ. ನೀರಲ್ಲೇ ನಿಂತು ಒಣಗುತ್ತದೆ. ಬಾಯಾರಿದ ಗಿಡ, ಬೇರು ಕೊಳೆತ ಗಿಡ, ನೋಡಲು ಎರಡೂ ಒಂದೇ ಥರ.

ಈಗ ಗಿಡ ಬಿದ್ದರೆ ಮೊದಲು ಬೆರಳನ್ನು ಮಣ್ಣಿಗೆ ಒಂದಿಂಚು ಇಳಿಸುತ್ತೇನೆ. ಆಮೇಲೆ ಕುಂಡ ಎತ್ತಿ ನೋಡುತ್ತೇನೆ. ಹಗುರ ಇದ್ದರೆ ನೀರು, ಭಾರ ಇದ್ದರೆ ಬರೀ ಗಾಳಿ. ತಟ್ಟೆಯ ನೀರು ಅರ್ಧ ಗಂಟೆಯಲ್ಲಿ ಚೆಲ್ಲಿಬಿಡುತ್ತೇನೆ.

ಆ ಸಲ ಕೊಳೆಯದ ನಾಲ್ಕು ತುದಿ ಉಳಿದಿದ್ದವು. ಎರಡೆರಡು ಗೆಣ್ಣು ಇರುವಂತೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಗಾಜಿನ ಲೋಟದ ನೀರಲ್ಲಿ ಇಟ್ಟೆ. ಎರಡು ದಿನಕ್ಕೊಮ್ಮೆ ನೀರು ಬದಲು. ಮೂರು ವಾರಕ್ಕೆ ಗೆಣ್ಣಿನಿಂದ ಬಿಳಿ ಬೇರು ಇಳಿದವು. ಮೂರು ಬದುಕಿದವು. ಮಣ್ಣು ಈ ಸಲ ಹಗುರ ಮಾಡಿದೆ: ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ತೋಟದ ಕೊಳೆತ ದರಗು, ಒಂದು ಪಾಲು ದಪ್ಪ ಮರಳು. ಬೇರು ಆಳಕ್ಕೆ ಹೋಗಲ್ಲ, ಹಾಗಾಗಿ ದೊಡ್ಡ ಕುಂಡ ಬೇಡವೇ ಬೇಡ. ಐಸ್‌ಕ್ರೀಮ್ ಡಬ್ಬಿಯ ತಳಕ್ಕೆ ಕಾಯಿಸಿದ ಮೊಳೆಯಲ್ಲಿ ತೂತು ಮಾಡಿ ನೆಟ್ಟೆ.

ಬೇಸಿಗೆಯಲ್ಲಿ ಎಲೆಗೆ ನೀರು ಚಿಮುಕಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಒಂದು ತಿಂಗಳು ಚಿಮುಕಿಸಿದೆ. ಸುಮ್ನೆ ಕೈನೋವು. ಹತ್ತು ನಿಮಿಷಕ್ಕೆ ಆರಿ ಹೋಗುತ್ತೆ, ಅಲ್ವಾ? ಬೇಕರಿಯಲ್ಲಿ ಬಿಸ್ಕತ್ತು ತುಂಬಿಡುವಂಥ ಗಾಜಿನ ಜಾಡಿಯಲ್ಲಿ ಒಂದು ತುಂಡು ನೆಟ್ಟು ಮುಚ್ಚಳ ಹಾಕಿದೆ. ಅದೇ ಎಲ್ಲಕ್ಕಿಂತ ಚೆನ್ನಾಗಿದೆ. ಗಾಜಿಗೆ ಜಾಸ್ತಿ ಹನಿ ಕಟ್ಟಿದರೆ ಮಾತ್ರ ಒಂದು ದಿನ ಮುಚ್ಚಳ ತೆಗೆದಿಡುತ್ತೇನೆ. ಡಿಸೆಂಬರ್ ಚಳಿಗೆ ರಾತ್ರಿ ಕಿಟಕಿಯಿಂದ ದೂರ, ನೀರೂ ಕಮ್ಮಿ.

ಒಮ್ಮೆ ತುದಿಯಲ್ಲಿ ಸಣ್ಣ ತೆನೆ ಬಂತು. "ಇದು ಕನಕಾಂಬರದ ತೆನೆ ಇದ್ದಂಗಿದೆಯಲ್ಲೇ" ಎಂದರು ಅತ್ತೆ. ಅವರ ಕಣ್ಣು ಸುಳ್ಳು ಹೇಳಿಲ್ಲ. ಕನಕಾಂಬರ, ಆಡುಸೋಗೆ, ನಮ್ಮ ಗಿರಿಯ ಕುರಿಂಜಿ, ಎಲ್ಲವೂ ಇದರ ಕುಟುಂಬದವೇ. ಹೂವು ಮಾತ್ರ ನೋಡುವಂಥದ್ದಲ್ಲ. ಎಲೆ ದಟ್ಟವಾಗಲಿ ಅಂತ ಚಿವುಟಿ ಹಾಕುತ್ತೇನೆ. ಅತ್ತೆಗೆ ಅದು ಇಷ್ಟವಿಲ್ಲ.

ಮೊನ್ನೆ ಜೋರು ಮಳೆಯ ದಿನ ಫೋನ್ ಮಾಡಿದರು.

"ಬಿದ್ದಿದೆ ಕಣೇ. ನೀರು ಹಾಕ್ಲಾ?"

"ಎತ್ತಿ ನೋಡಿ ಅತ್ತೆ."

"ಭಾರ ಇದೆ."

"ಹಾಗಾದ್ರೆ ತಟ್ಟೆ ಚೆಲ್ಲಿ, ಬಿಟ್ಬಿಡಿ."