ಮೊದಲ ನಿವೇಶನ ಕೊಳ್ಳುವ ಮುನ್ನ ನೋಡಬೇಕಾದ ದಾಖಲೆಗಳು

ಕರ್ನಾಟಕದಲ್ಲಿ ಮೊದಲ ಬಾರಿಗೆ ನಿವೇಶನದ ಮೇಲೆ ಹಣ ಹೂಡುವವರು ಜಾಗಕ್ಕೆ ಮನಸೋಲುವ ಮೊದಲೇ ಕಾಗದಪತ್ರಗಳನ್ನು ಕೇಳಿ ಪಡೆಯಬೇಕು. ಮಾರುವವರು ಕೊಟ್ಟ ನಕಲನ್ನಷ್ಟೇ ನಂಬದೆ, ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರವನ್ನು (ಆಸ್ತಿಯ ನೋಂದಾಯಿತ ಮಾರಾಟ, ಅಡಮಾನಗಳ ಪಟ್ಟಿ) ಉಪನೋಂದಣಿ ಕಚೇರಿಯಿಂದ ನೀವೇ ತೆಗೆಸಿ, ಅದರಲ್ಲಿರುವ ಪ್ರತಿಯೊಂದು ವ್ಯವಹಾರವನ್ನೂ ಮೂಲ ಕ್ರಯಪತ್ರಗಳೊಂದಿಗೆ ತಾಳೆ ನೋಡಿರಿ. ಕೃಷಿ ಜಮೀನಿನಲ್ಲಿ ಬಡಾವಣೆ ಮಾಡಿದ್ದರೆ ಭೂಪರಿವರ್ತನೆಯ (ಕೃಷಿಯೇತರ ಬಳಕೆಗೆ ಅನುಮತಿಸುವ) ಆದೇಶವೂ ಯೋಜನಾ ಪ್ರಾಧಿಕಾರ ಅನುಮೋದಿಸಿದ ನಕ್ಷೆಯೂ ಇರಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, ಅಂಥ ಜಮೀನುಗಳ ವರ್ಗಾವಣೆ ನಿಷೇಧಿಸುವ 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಾಗದು. ಇದನ್ನು ವಕೀಲರಿಂದ ಪರಿಶೀಲಿಸದೆ ಮುಂದುವರಿಯಲೇಬೇಡಿ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಮತ್ತು ಪ್ರಾಧಿಕಾರ) ವ್ಯಾಪ್ತಿಯ ಯೋಜನೆಯಲ್ಲಿ ಒಪ್ಪಂದ ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೊಡಬೇಕಾಗಿಲ್ಲ. ಅಂತಹ ಯೋಜನೆಗಳ ನಿವೇಶನ ಮಾರಿಸುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು.