ಎಲೆಯ ಚಾರ್ಟ್ ಬರೆಯಲು ಬಂದರೂ ಎಲೆ ಅರ್ಥವಾಗದಿದ್ದಾಗ

10ನೇ ತರಗತಿಯ ಮಕ್ಕಳು ಗೋಡೆಯ ಚಾರ್ಟ್ ನೋಡಿ ಎಲೆಯ ಅಡ್ಡ ಸೀಳಿಕೆಯ ಚಿತ್ರ ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಕೈಗೆ ನಿಜವಾದ ಎಲೆ ಕೊಟ್ಟು ಪತ್ರರಂಧ್ರ (ಎಲೆಯೊಳಗೆ ಗಾಳಿ ಹೋಗಿಬರುವ ಸಣ್ಣ ತೂತು) ಎಲ್ಲಿದೆ ಅಂದರೆ ಎಲೆಯ ಅಂಚು ಮುಟ್ಟುತ್ತಿದ್ದರು. ಚಾರ್ಟಿನಲ್ಲಿ ಅದು ಅಂಚಿನಲ್ಲೇ ಇರುತ್ತದಲ್ವಾ.

ಇನ್ನೂ ದೊಡ್ಡ ಚಾರ್ಟ್ ಹಾಕಿದೆ, ಬಣ್ಣ ಹಚ್ಚಿಸಿದೆ, ಭಾಗಗಳ ಹೆಸರು ಬಾಯಿಪಾಠ ಮಾಡಿಸಿದೆ, ವಿಡಿಯೊ ತೋರಿಸಿದೆ. ಉಪಯೋಗ ಆಗಲಿಲ್ಲ.

ಸರಿಹೋಗಿದ್ದು ರಿಯೋ ಗಿಡದಿಂದ. ಕುಂಡದಲ್ಲಿ ಬೆಳೆಸುತ್ತಾರಲ್ಲ, ಎಲೆ ಮೇಲೆ ಹಸಿರು, ಕೆಳಗೆ ನೇರಳೆ, ಅದೇ. ಕೆಳಗಿನ ಹೊರಪದರಕ್ಕೇ ಬಣ್ಣ ಇರುವುದರಿಂದ ಮೇಲೆ ಯಾವುದು ಕೆಳಗೆ ಯಾವುದು ಅನ್ನುವ ಗೊಂದಲವೇ ಇಲ್ಲ.

ಕ್ರಮ ತಪ್ಪಿಸಬೇಡಿ. ಮೊದಲು ಚಾರ್ಟ್ ಸುತ್ತಿಡಿ. ಎಲೆಯನ್ನು ಓರೆಯಾಗಿ ಹರಿದರೆ ತುದಿಯಲ್ಲಿ ತೆಳು ನೇರಳೆ ಪೊರೆ ಉಳಿಯುತ್ತದೆ, ಅದನ್ನು ಸ್ಲೈಡ್ ಮೇಲೆ ಒಂದು ಹನಿ ನೀರಿನಲ್ಲಿಟ್ಟು ಕವರ್‌ಸ್ಲಿಪ್ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಮೊದಲು 10 ಎಕ್ಸ್ ಆಬ್ಜೆಕ್ಟಿವ್, ಆಮೇಲೆ 40 ಎಕ್ಸ್. ಬೇರೆ ಬಣ್ಣ ಬೇಡ. ನೇರಳೆ ಕೋಶಗಳ ನಡುವೆ ಪತ್ರರಂಧ್ರದ ಎರಡೂ ಬದಿಗಿರುವ ಹಸಿರು ಕಾವಲು ಕೋಶಗಳ ಜೋಡಿ ಎದ್ದು ಕಾಣುತ್ತದೆ.

ನಂತರ ಅದೇ ಎಲೆಯ ತುಂಡನ್ನು ಸೀಳಿದ ಕ್ಯಾರೆಟ್ ನಡುವೆ ಸಿಕ್ಕಿಸಿ, ಬ್ಲೇಡ್ ಒದ್ದೆ ಮಾಡಿಕೊಂಡು ಅಡ್ಡಲಾಗಿ ಆದಷ್ಟು ತೆಳ್ಳಗೆ ಕೊಯ್ಯಿರಿ. ಬ್ಲೇಡ್ ಮಕ್ಕಳ ಕೈಗೆ ಬೇಡ. ಈಗ 10 ಎಕ್ಸ್‌ನಲ್ಲಿ ಅದೇ ನೇರಳೆ ಪೊರೆ ಒಂದು ಗೆರೆಯಾಗಿ ಕಾಣುತ್ತದೆ. ಚಾರ್ಟ್ ಬಿಚ್ಚಬೇಕಾದ್ದು ಈಗಲೇ: ಅದರ ಕೆಳಗಿನ ಹೊರಪದರದ ಮೇಲೆ ನೇರಳೆ ಕಾಗದದ ಪಟ್ಟಿ ಅಂಟಿಸಿ, ರಂಧ್ರ ಎಲ್ಲಿ ಅಂತ ಮತ್ತೆ ಕೇಳಿ. ನಮ್ಮ ಮಕ್ಕಳು ಎಲೆ ತಿರುಗಿಸಿ ಇಡೀ ಕೆಳಭಾಗದ ಮೇಲೆ ಬೆರಳಾಡಿಸಿದರು.

ಚಾರ್ಟಿನಲ್ಲಿರುವ ಕಂಬದಂಥ ಕೋಶಗಳು ರಿಯೋದಲ್ಲಿ ಸ್ಪಷ್ಟವಾಗಿ ಸಿಗುವುದಿಲ್ಲ. ಅದಕ್ಕೆ ದಾಸವಾಳದ ಎಲೆಯನ್ನು ಹೀಗೇ ಕೊಯ್ದು ನೋಡಿ.